ಚಿತ್ತವಿಕಲತೆಯ ವಾದ: ಜ್ಯೂರಿಗೆ ಎಷ್ಟು ತಿಳಿಸಬೇಕು?

ಅಮೆರಿಕದ ಕ್ರಿಮಿನಲ್ ವಿಚಾರಣೆಗಳಲ್ಲಿ ಸಾಕ್ಷ್ಯ ಆಲಿಸಿ ತೀರ್ಪು ನೀಡುವುದು ಜನಸಾಮಾನ್ಯರಿಂದ ಆಯ್ದ ಜ್ಯೂರಿ. ಅನ್ವಯಿಸಬೇಕಾದ ಕಾನೂನನ್ನು ನ್ಯಾಯಾಧೀಶರು ಅವರಿಗೆ ವಿವರಿಸುತ್ತಾರೆ. ಇದೇ ‘ಜ್ಯೂರಿ ಸೂಚನೆ’. ಕೃತ್ಯದ ವೇಳೆ ಆರೋಪಿಯು ಚಿತ್ತವಿಕಲನಾಗಿದ್ದ ಎಂಬ ವಾದ ಮಂಡನೆಯಾದಾಗ ಈ ಸೂಚನೆಯ ಒಂದೊಂದು ಪದವೂ ನಿರ್ಣಾಯಕವಾಗುತ್ತದೆ.

ಮೂಲ

1843ರಲ್ಲಿ ಬ್ರಿಟನ್ ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿಯನ್ನು ಡೇನಿಯಲ್ ಮ್ಯಾಕ್‌ನಾಟನ್ ಗುಂಡಿಕ್ಕಿ ಕೊಂದ. ಆತನ ಬಿಡುಗಡೆಯ ತೀರ್ಪು ಕೋಲಾಹಲವೆಬ್ಬಿಸಿದ ಬಳಿಕ ನ್ಯಾಯಾಧೀಶರು ನಿಯಮ ರೂಪಿಸಿದರು. ಕೃತ್ಯದ ಸ್ವರೂಪವಾಗಲಿ, ಅದು ತಪ್ಪೆಂಬುದಾಗಲಿ ಮನೋರೋಗದಿಂದ ಆರೋಪಿಗೆ ತಿಳಿಯದಿದ್ದರೆ ಆತ ಹೊಣೆಗಾರನಲ್ಲ ಎಂಬುದೇ ಅದರ ಸಾರ.

1984ರ ತಿರುವು

1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿಸಿದ ಜಾನ್ ಹಿಂಕ್ಲಿಯನ್ನು ಜ್ಯೂರಿಯು 1982ರಲ್ಲಿ ಚಿತ್ತವಿಕಲತೆಯ ಕಾರಣಕ್ಕೆ ನಿರಪರಾಧಿ ಎಂದಿತು. ಆಗ ಆರೋಪಿಯ ಮನಸ್ಸು ಸ್ವಸ್ಥವಾಗಿತ್ತೆಂದು ಸಾಬೀತುಪಡಿಸುವ ಹೊಣೆ ಪ್ರಾಸಿಕ್ಯೂಷನ್‌ನದಾಗಿತ್ತು. 1984ರ ಕಾಯ್ದೆ ಅದನ್ನು ಆರೋಪಿಯ ಹೆಗಲಿಗೆ ಹಾಕಿತು. ಹೀಗೆ ಬಿಡುಗಡೆ ಹೊಂದಿದವನನ್ನು ಆಸ್ಪತ್ರೆಯಲ್ಲಿ ಬಂಧಿಸಿ, 40 ದಿನಗಳೊಳಗೆ ವಿಚಾರಣೆ ನಡೆಸಬೇಕೆಂದೂ ವಿಧಿಸಿತು.

ವಿವಾದದ ತಿರುಳು

ಆರೋಪಿ ಮನೆಗಲ್ಲ, ಆಸ್ಪತ್ರೆಗೆ ಹೋಗುತ್ತಾನೆ ಎಂಬುದನ್ನು ಜ್ಯೂರಿಗೆ ಹೇಳಬೇಕೇ? 1994ರ ಶ್ಯಾನನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2 ಬಹುಮತದಿಂದ, ಫೆಡರಲ್ ನ್ಯಾಯಾಲಯಗಳಲ್ಲಿ ಸಾಮಾನ್ಯವಾಗಿ ಹೇಳಬೇಕಿಲ್ಲ ಎಂದಿತು. ಶಿಕ್ಷೆ ನಿರ್ಧರಿಸದ ಜ್ಯೂರಿ ತೀರ್ಪಿನ ಪರಿಣಾಮವನ್ನು ಯೋಚಿಸಬಾರದು ಎಂಬುದು ಅದರ ತರ್ಕ. ಆದರೆ ಆತ ‘ಬಿಡುಗಡೆಯಾಗಿ ಹೋಗುತ್ತಾನೆ’ ಎಂಬಂಥ ತಪ್ಪು ಮಾತು ಜ್ಯೂರಿಯ ಮುಂದೆ ಬಂದರೆ ತಿದ್ದುವ ಸೂಚನೆ ಅಗತ್ಯವಾಗಬಹುದು. ಸತ್ಯ ತಿಳಿಯದ ಜ್ಯೂರಿ, ಅಪಾಯಕಾರಿ ವ್ಯಕ್ತಿ ಬೀದಿಗೆ ಬಂದಾನೆಂಬ ಭಯದಿಂದಲೇ ರೋಗಿಯನ್ನು ಅಪರಾಧಿ ಎನ್ನಬಹುದು ಎಂಬುದು ಭಿನ್ನಮತದ ಆತಂಕ. ಮ್ಯಾಸಚೂಸೆಟ್ಸ್‌ನ ಅತ್ಯುನ್ನತ ನ್ಯಾಯಾಲಯ 1974ರಲ್ಲೇ ಇಂಥ ಸೂಚನೆಯ ಪರ ನಿಂತಿತ್ತು.

ಭಾರತದಲ್ಲಿ

ಮ್ಯಾಕ್‌ನಾಟನ್ ನಿಯಮದ ನೆರಳಿನಲ್ಲಿ ರೂಪುಗೊಂಡದ್ದು 1860ರ ಭಾರತೀಯ ದಂಡ ಸಂಹಿತೆಯ 84ನೇ ಕಲಂ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಆಗಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿ ವಿಚಾರಣೆಗೆ ಅವಕಾಶ ಉಳಿಯಲಿಲ್ಲವಾದ್ದರಿಂದ ಇಲ್ಲಿ ತೀರ್ಮಾನ ನ್ಯಾಯಾಧೀಶರದೇ. ಈ ಕಾರಣಕ್ಕೆ ಆರೋಪಿಯನ್ನು ಬಿಡುಗಡೆ ಮಾಡುವಾಗ, ಆತ ಕೃತ್ಯ ಎಸಗಿದ್ದನೇ ಎಂಬುದನ್ನೂ ತೀರ್ಪಿನಲ್ಲಿ ದಾಖಲಿಸಬೇಕು. ಎಸಗಿದ್ದರೆ ಸುರಕ್ಷಿತ ಬಂಧನ, ಇಲ್ಲವೇ ಭದ್ರತೆ ಪಡೆದು ಬಂಧುಮಿತ್ರರ ವಶಕ್ಕೆ ಒಪ್ಪಿಸುವುದು ಕ್ರಮ. ನ್ಯಾಯಾಧೀಶರಿಗೆ ಈ ಪರಿಣಾಮ ಮೊದಲೇ ತಿಳಿದಿರುತ್ತದೆ. ಅಮೆರಿಕದ ಜ್ಯೂರಿ ಬಹುತೇಕ ಊಹೆಯಲ್ಲೇ ತೀರ್ಪು ಹೇಳಬೇಕಾಗುತ್ತದೆ.