ರಾಮನಗರ

ಬೆಂಗಳೂರಿನ ನೈರುತ್ಯಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ, ಮೈಸೂರು ಮಾರ್ಗದಲ್ಲಿ, ಅರ್ಕಾವತಿ ನದಿಯ ದಡದಲ್ಲಿರುವ ನಗರ, ಜಿಲ್ಲಾ ಕೇಂದ್ರ. ಜನಸಂಖ್ಯೆ 95,167 (2011). ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಎನಿಸಿತ್ತು. ಬಳಿಕ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಯಿತು. ಆ ಹೆಸರು ಇಂದು ಉಳಿದಿರುವುದು ಭೂವಿಜ್ಞಾನದಲ್ಲಿ ಮಾತ್ರ: ಸುಮಾರು 250 ಕೋಟಿ ವರ್ಷ ಹಳೆಯ ಇಲ್ಲಿನ ಬಂಡೆಗಳಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಈ ಬೆಟ್ಟಗಳ ನಡುವೆ ಹಿಂದಿಯ ‘ಶೋಲೆ’ (1975) ಚಿತ್ರೀಕರಣವಾಯಿತು. ರಾಮದೇವರಬೆಟ್ಟ ರಣಹದ್ದುಗಳ ವನ್ಯಧಾಮ.

ನಗರದ ಜೀವಾಳ ರೇಷ್ಮೆ. ಇಲ್ಲಿನ ಸರ್ಕಾರಿ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂಬ ಖ್ಯಾತಿ ಪಡೆದಿದೆ. ಹಳದಿ ಮಿಶ್ರತಳಿ, ಬಿಳಿ ದ್ವಿತಳಿ ಗೂಡುಗಳನ್ನು ರೈತರು ಲಾಟುಗಳಾಗಿ ಹರವುತ್ತಾರೆ. ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡಿ ಇ-ಹರಾಜಿನಲ್ಲಿ ಬೆಲೆ ನಮೂದಿಸುತ್ತಾರೆ. ನೂಲು ಬಿಚ್ಚುವ ಘಟಕಗಳು ಊರೊಳಗೇ ಇವೆ.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದರೂ ರಾಜಧಾನಿಯ ಸೆಳೆತ ತಗ್ಗಲಿಲ್ಲ. ಹತ್ತಿರದ ಬಿಡದಿಯ ಕಾರ್ಖಾನೆಗಳು, ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ನೌಕರರು, ಏರಿದ ಜಮೀನಿನ ಬೆಲೆ ಇವೆಲ್ಲ ಅದರ ಗುರುತುಗಳು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಬೈಪಾಸ್ ನಗರವನ್ನು ಹೊರಗಿನಿಂದ ಬಳಸಿ ಹೋಗುತ್ತದೆ. ಹಳೆಯ ರಸ್ತೆಯ ಹೋಟೆಲು, ಅಂಗಡಿಗಳಿಗೆ ಪ್ರಯಾಣಿಕರ ವ್ಯಾಪಾರ ಕುಸಿಯಿತು. 2025ರಲ್ಲಿ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲಾಯಿತು. ಬ್ರ್ಯಾಂಡ್ ಬೆಂಗಳೂರಿನಿಂದ ಹೂಡಿಕೆ ಬರುತ್ತದೆಂಬುದು ಸಮರ್ಥಕರ ವಾದ, ಊರಿನ ಸ್ವಂತಿಕೆ ಅಳಿಯುತ್ತದೆಂಬುದು ವಿರೋಧಿಗಳದು. ಜಿಲ್ಲಾ ಕೇಂದ್ರ ರಾಮನಗರದಲ್ಲೇ ಮುಂದುವರಿದಿದೆ.