ಪದೇ ಪದೇ ಭುಜ ಕಳಚುತ್ತಾ? ಸ್ಕ್ಯಾನ್ ರಿಪೋರ್ಟ್‌ನಲ್ಲಿ ಏನು ನೋಡಬೇಕು, ಇಲ್ಲಿದೆ ಪೂರ್ತಿ ಮಾಹಿತಿ

ಹಾರನಹಳ್ಳಿ (ಅರಸೀಕೆರೆ ತಾ.): ಕೊಬ್ಬರಿ ಚೀಲ ಲಾರಿಗೆ ಏರಿಸುವಾಗಲೋ, ಕಬಡ್ಡಿಯಲ್ಲಿ ಎದುರಾಳಿ ಕೈ ಹಿಡಿದು ಎಳೆದಾಗಲೋ ಒಂದು ಸಲ ಭುಜ ಕಳಚುತ್ತೆ. ಯಾರೋ ಎಳೆದು ಕೂರಿಸ್ತಾರೆ, ನಾಲ್ಕು ದಿನದಲ್ಲಿ ನೋವು ಹೋಗುತ್ತೆ. ಕೆಲವು ತಿಂಗಳ ನಂತರ ಅಂಗಡಿ ಶಟರ್ ಎತ್ತುವಾಗ ಮತ್ತೆ ಕಳಚುತ್ತೆ. ಕೊನೆಗೆ ನಿದ್ದೆಯಲ್ಲಿ ಮಗ್ಗಲು ಬದಲಿಸಿದರೂ ಸಾಕು ಅನ್ನುವ ಸ್ಥಿತಿ. ಆಗ ಡಾಕ್ಟರ್ ಎಂಆರ್‌ಐ ಬರೀತಾರೆ. ಸಾವಿರಾರು ರೂಪಾಯಿ ಕೊಟ್ಟು ಸ್ಕ್ಯಾನ್ ಮಾಡಿಸಿದ ಮೇಲೆ ಕೈಗೆ ಬರೋದು ಇಂಗ್ಲಿಷ್‌ನ ಎರಡು ಹಾಳೆ. ಅದರಲ್ಲಿ ಏನಿದೆ ಅಂತ ತಿಳಿದುಕೊಂಡರೆ ಆಪರೇಷನ್ ಬೇಕಾ, ಬೇಕಾದರೆ ಯಾವುದು ಅಂತ ಡಾಕ್ಟರ್ ಹತ್ತಿರ ಸರಿಯಾಗಿ ಮಾತಾಡಬಹುದು.

ಭುಜ ಯಾಕೆ ಕಳಚುತ್ತೆ?

ತೋಳಿನ ಮೂಳೆಯ ತುದಿ ಚೆಂಡಿನ ಹಾಗಿದೆ. ಅದು ಕೂರುವ ಬಟ್ಟಲು ಮಾತ್ರ ತುಂಬಾ ಚಿಕ್ಕದು, ಆಳವೂ ಕಡಿಮೆ. ಅದಕ್ಕೇ ಕೈ ಎಲ್ಲಾ ಕಡೆ ತಿರುಗುತ್ತೆ, ಅದಕ್ಕೇ ಬೇಗ ಕಳಚುತ್ತೆ ಕೂಡ. ಬಟ್ಟಲಿನ ಸುತ್ತ ರಬ್ಬರ್ ವಾಷರ್ ತರದ ಒಂದು ಅಂಚು ಇದೆ. ಅದರ ಹೆಸರು ಲೇಬ್ರಮ್. ಭುಜ ಕಳಚಿದಾಗ ಹೆಚ್ಚಿನವರಲ್ಲಿ ಚೆಂಡು ಮುಂದಕ್ಕೆ ಜಾರುತ್ತೆ, ಜಾರುವಾಗ ಈ ಅಂಚನ್ನು ಕಿತ್ತುಕೊಂಡು ಹೋಗುತ್ತೆ. ಕಿತ್ತ ಅಂಚು ತನ್ನ ಜಾಗದಲ್ಲಿ ಸರಿಯಾಗಿ ಅಂಟದೇ ಹೋದರೆ ಮುಂದಿನ ಸಲ ಕಳಚೋದು ಇನ್ನೂ ಸುಲಭ. ಇಪ್ಪತ್ತು ವರ್ಷದೊಳಗೆ ಮೊದಲ ಸಲ ಕಳಚಿದವರಲ್ಲಿ ಮತ್ತೆ ಕಳಚುವ ಸಾಧ್ಯತೆ ಜಾಸ್ತಿ.

ರಿಪೋರ್ಟ್‌ನಲ್ಲಿ ಬರುವ ಪದಗಳು

ಗ್ಲೆನಾಯ್ಡ್, ಹ್ಯೂಮರಲ್ ಹೆಡ್: ಗ್ಲೆನಾಯ್ಡ್ ಅಂದರೆ ಬಟ್ಟಲು, ಹ್ಯೂಮರಲ್ ಹೆಡ್ ಅಂದರೆ ಚೆಂಡು. ಆಂಟೀರಿಯರ್ ಅಂದರೆ ಮುಂದೆ, ಪೋಸ್ಟೀರಿಯರ್ ಅಂದರೆ ಹಿಂದೆ, ಇನ್ಫೀರಿಯರ್ ಅಂದರೆ ಕೆಳಗೆ.

ಬ್ಯಾಂಕಾರ್ಟ್ ಲೀಶನ್: ಬಟ್ಟಲಿನ ಮುಂದಿನ ಕೆಳಭಾಗದ ಅಂಚು ಕಿತ್ತಿದೆ ಅಂತ ಅರ್ಥ. 1923ರಲ್ಲಿ ಇದರ ಬಗ್ಗೆ ಬರೆದ ಇಂಗ್ಲೆಂಡಿನ ಸರ್ಜನ್ ಬ್ಯಾಂಕಾರ್ಟ್ ಅವರ ಹೆಸರಿದು. ಕೆಲವು ರಿಪೋರ್ಟ್‌ಗಳಲ್ಲಿ 3ರಿಂದ 6 ಗಂಟೆ ಅಂತ ಬರೆದಿರುತ್ತೆ. ಅದು ಸಮಯವಲ್ಲ. ಬಟ್ಟಲನ್ನು ಗಡಿಯಾರ ಅಂದುಕೊಂಡು ಎಲ್ಲಿಂದ ಎಲ್ಲಿವರೆಗೆ ಕಿತ್ತಿದೆ ಅಂತ ಹೇಳೋ ಕ್ರಮ.

ಬೋನಿ ಬ್ಯಾಂಕಾರ್ಟ್: ಅಂಚಿನ ಜೊತೆ ಬಟ್ಟಲಿನ ಮೂಳೆಯ ಚೂರೂ ಮುರಿದು ಬಂದಿದೆ.

ಹಿಲ್-ಸ್ಯಾಕ್ಸ್: ಕಳಚಿದಾಗ ಚೆಂಡಿನ ಹಿಂಭಾಗ ಬಟ್ಟಲಿನ ಅಂಚಿಗೆ ಬಡಿದು ಆದ ತಗ್ಗು. ಹಿಲ್ ಮತ್ತು ಸ್ಯಾಕ್ಸ್ ಎಂಬ ಅಮೆರಿಕದ ಇಬ್ಬರು ವೈದ್ಯರು 1940ರಲ್ಲಿ ಇದನ್ನು ವಿವರಿಸಿದರು. ತಗ್ಗು ಸಣ್ಣದಿದ್ದರೆ ಅದರಿಂದಲೇ ಭಯ ಬೇಡ. ಎಂಗೇಜಿಂಗ್ ಅಥವಾ ಆಫ್ ಟ್ರ್ಯಾಕ್ ಅಂತ ಬರೆದಿದ್ದರೆ, ಕೈ ಎತ್ತಿ ಹೊರಕ್ಕೆ ತಿರುಗಿಸಿದಾಗ ಆ ತಗ್ಗು ಬಟ್ಟಲಿನ ಅಂಚಿಗೆ ಸಿಕ್ಕಿಕೊಂಡು ಭುಜ ಕಳಚಬಹುದು ಅಂತ.

ರೊಟೇಟರ್ ಕಫ್ ಟೇರ್: ಚೆಂಡನ್ನು ಹಿಡಿದಿಡುವ ಸ್ನಾಯುಗಳ ನಾರು ಹರಿದಿದೆ. ನಲವತ್ತು ದಾಟಿದವರಿಗೆ ಭುಜ ಕಳಚಿದರೆ ಇದನ್ನು ತಪ್ಪದೇ ನೋಡಬೇಕು.

ಎಫ್ಯೂಷನ್, ಎಡೀಮಾ: ಎಫ್ಯೂಷನ್ ಅಂದರೆ ಕೀಲಿನೊಳಗೆ ನೀರು, ಮೂಳೆಯ ಎಡೀಮಾ ಅಂದರೆ ಒಳಗೆ ಊತ. ಇತ್ತೀಚೆಗೆ ಕಳಚಿದ್ದರೆ ಇವು ಸಾಮಾನ್ಯವಾಗಿ ಇರುತ್ತವೆ.

ಮುಖ್ಯವಾದ ಪ್ರಶ್ನೆ: ಮೂಳೆ ಎಷ್ಟು ಸವೆದಿದೆ?

ಹೆಚ್ಚಿನವರು ರಿಪೋರ್ಟ್‌ನ ಕೊನೆಯ ಇಂಪ್ರೆಷನ್ ಮಾತ್ರ ಓದಿಸ್ತಾರೆ. ಅಲ್ಲಿ ಬ್ಯಾಂಕಾರ್ಟ್ ಅಂತ ಇರುತ್ತೆ, ಮೂಳೆಯ ಲೆಕ್ಕ ಇಲ್ಲದೇ ಹೋಗಬಹುದು. ಯಾವ ಆಪರೇಷನ್ ಅನ್ನೋದನ್ನು ತೀರ್ಮಾನಿಸೋದು ಮುಖ್ಯವಾಗಿ ಆ ಲೆಕ್ಕವೇ. ಪ್ರತಿ ಸಲ ಕಳಚಿದಾಗಲೂ ಬಟ್ಟಲಿನ ಮುಂದಿನ ಮೂಳೆ ಸ್ವಲ್ಪ ಸ್ವಲ್ಪ ಸವೆಯಬಹುದು. 25 ಮಿ.ಮೀ. ಅಗಲದ ಬಟ್ಟಲಿನಲ್ಲಿ 5 ಮಿ.ಮೀ. ಹೋಗಿದ್ದರೆ ನಷ್ಟ ಶೇ. 20.

ನಷ್ಟ ಕಡಿಮೆ ಇದ್ದರೆ ಸಾಮಾನ್ಯವಾಗಿ ಸಣ್ಣ ತೂತಿನ ಮೂಲಕ ದುರ್ಬೀನು ಹಾಕಿ, ಕಿತ್ತ ಅಂಚನ್ನು ಆ್ಯಂಕರ್‌ಗಳಿಂದ ಮತ್ತೆ ಹೊಲಿಯುತ್ತಾರೆ. ಶೇ. 20ರಿಂದ 25 ದಾಟಿದರೆ ಬರೀ ಹೊಲಿಗೆ ಸಾಲದು, ಮತ್ತೆ ಕಳಚುವ ಅಪಾಯ ಹೆಚ್ಚು. ಆಗ ಪಕ್ಕದ ಮೂಳೆಯ ತುಂಡನ್ನು ತಂದು ಬಟ್ಟಲಿನ ಮುಂದೆ ಸ್ಕ್ರೂ ಹಾಕಿ ಕೂರಿಸುವ ಲಾಟಾರ್ಜೆ ಆಪರೇಷನ್ ಹೇಳ್ತಾರೆ. ಫ್ರಾನ್ಸ್‌ನ ಲಾಟಾರ್ಜೆ 1954ರಲ್ಲಿ ವಿವರಿಸಿದ ವಿಧಾನ ಇದು. ಇತ್ತೀಚೆಗೆ ಅನೇಕ ಸರ್ಜನ್‌ಗಳು ಶೇ. 15ರ ಆಸುಪಾಸಿನ ನಷ್ಟವನ್ನೂ ಹಗುರವಾಗಿ ತೆಗೆದುಕೊಳ್ಳಲ್ಲ, ಅದರಲ್ಲೂ ಆಟಗಾರರಿಗೆ, ಭಾರ ಎತ್ತುವವರಿಗೆ.

ಎಂಆರ್‌ಐ ಆದ ಮೇಲೆ ಸಿಟಿ ಯಾಕೆ?

ಒಂದಾದ ಮೇಲೆ ಒಂದು ಸ್ಕ್ಯಾನ್ ಬರೆದರೆ ದುಡ್ಡು ಕೀಳೋಕೆ ಅಂತ ಅನುಮಾನ ಬರೋದು ಸಹಜ. ಆದರೆ ಎರಡರ ಕೆಲಸ ಬೇರೆ. ಅಂಚು, ನಾರು, ಸ್ನಾಯು ಎಂಆರ್‌ಐಯಲ್ಲಿ ಚೆನ್ನಾಗಿ ಕಾಣುತ್ತೆ. ಮೂಳೆಯ ಅಳತೆಗೆ 3ಡಿ ಸಿಟಿ ಹೆಚ್ಚು ನಿಖರ. ಕೆಲವೊಮ್ಮೆ ಕೀಲಿಗೆ ಔಷಧಿ ಚುಚ್ಚಿ ಎಂಆರ್ ಆರ್ಥ್ರೋಗ್ರಾಮ್ ಮಾಡ್ತಾರೆ, ಮಾಮೂಲಿ ಎಂಆರ್‌ಐಯಲ್ಲಿ ಕಾಣದ ಸಣ್ಣ ಹರಿತ ಅದರಲ್ಲಿ ಸಿಗುತ್ತೆ. ಪೇಸ್‌ಮೇಕರ್ ಇದ್ದರೆ, ದೇಹದೊಳಗೆ ಲೋಹ ಇದ್ದರೆ ಎಂಆರ್‌ಐಗೆ ಮೊದಲೇ ಹೇಳಬೇಕು.

ರಿಪೋರ್ಟ್ ನಾರ್ಮಲ್ ಅಂತ ಬಂದರೂ ಭುಜ ಕಳಚುತ್ತಿದ್ದರೆ ಸುಮ್ಮನಾಗಬೇಡಿ. ಕೆಲವರಿಗೆ ಹುಟ್ಟಿನಿಂದಲೇ ಕೀಲುಗಳು ಸಡಿಲ. ಅವರಿಗೆ ಮೊದಲು ಫಿಸಿಯೋಥೆರಪಿ, ಆಪರೇಷನ್ ಆಮೇಲಿನ ಮಾತು. ಫಿಟ್ಸ್ ಬಂದಾಗ ಅಥವಾ ಕರೆಂಟ್ ಹೊಡೆದಾಗ ಭುಜ ಹಿಂದಕ್ಕೂ ಕಳಚಬಹುದು. ಫಿಟ್ಸ್ ಇದ್ದರೆ ಅದು ಹತೋಟಿಗೆ ಬರದೆ ಭುಜದ ಆಪರೇಷನ್ ನಿಲ್ಲೋದು ಕಷ್ಟ.

ಡಾಕ್ಟರ್ ಹತ್ತಿರ ಹೋಗುವಾಗ

* ರಿಪೋರ್ಟ್ ಹಾಳೆ ಮಾತ್ರ ಸಾಲದು. ಫಿಲ್ಮ್ ಅಥವಾ ಸಿಡಿ, ಹಳೇ ಎಕ್ಸ್‌ರೇ ಎಲ್ಲಾ ತಗೊಂಡು ಹೋಗಿ.
* ಎಷ್ಟು ಸಲ ಕಳಚಿದೆ, ಏನು ಮಾಡುವಾಗ ಕಳಚಿತು ಅಂತ ಚೀಟಿಯಲ್ಲಿ ಬರೆದುಕೊಳ್ಳಿ.
* ನೀವು ಮಾಡುವ ಕೆಲಸ ಹೇಳಿ. ಗಲ್ಲಾ ಮೇಲೆ ಕೂರುವವರಿಗೂ ಕಾಯಿ ಸುಲಿಯುವವರಿಗೂ ಒಂದೇ ಸಲಹೆ ಆಗಲ್ಲ.
* ಕೇಳಬೇಕಾದ ಮೂರು ಪ್ರಶ್ನೆ: ಮೂಳೆ ಶೇಕಡಾ ಎಷ್ಟು ಹೋಗಿದೆ? ಚೆಂಡಿನ ತಗ್ಗು ಸಿಕ್ಕಿಕೊಳ್ಳುತ್ತಾ? ಆಪರೇಷನ್ ಆದ ಮೇಲೆ ಎಷ್ಟು ತಿಂಗಳು ಭಾರ ಎತ್ತಬಾರದು?

ಮತ್ತೆ ಕಳಚಿದರೆ ಊರಲ್ಲಿ ಯಾರ ಕೈಲೂ ಎಳೆಸಬೇಡಿ. ಮೂಳೆ ಮುರಿದಿದ್ದರೆ, ನರ ಸಿಕ್ಕಿಕೊಂಡಿದ್ದರೆ ಎಳೆತದಿಂದ ಹೆಚ್ಚಿನ ಹಾನಿ ಆಗುತ್ತೆ. ಕೈಯನ್ನು ಬಟ್ಟೆಯಲ್ಲಿ ಜೋಲಿ ಕಟ್ಟಿ ಆಸ್ಪತ್ರೆಗೆ ಹೋಗಿ. ಕೈ ಜೋಮು ಹಿಡಿದಿದ್ದರೆ, ತಣ್ಣಗಾಗಿದ್ದರೆ ಒಂದು ನಿಮಿಷವೂ ತಡ ಮಾಡಬೇಡಿ.

ಖರ್ಚಿನ ವಿಚಾರ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಸರ್ಕಾರದ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ಅರಸೀಕೆರೆ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಹಾಸನದ ಹಿಮ್ಸ್‌ನಲ್ಲಿ ಮೂಳೆ ಡಾಕ್ಟರ್‌ಗೆ ತೋರಿಸಿ. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಚೀಟಿ ಪಡೆದ ಮೇಲೆಯೇ ಬೇರೆ ಆಸ್ಪತ್ರೆಗೆ ಹೋಗಿ. ನಿಮ್ಮ ಆಪರೇಷನ್ ಮತ್ತು ಸ್ಕ್ಯಾನ್ ಯೋಜನೆಯಲ್ಲಿ ಸೇರುತ್ತಾ ಅಂತ ದುಡ್ಡು ಕಟ್ಟೋ ಮೊದಲು ಆಸ್ಪತ್ರೆಯ ಆಯುಷ್ಮಾನ್ ಕೌಂಟರ್‌ನಲ್ಲಿ ಕೇಳಿಕೊಳ್ಳಿ.