ನುಲಿಯ ಚಂದಯ್ಯನವರ ಹಗ್ಗದ ಬೆಲೆ

ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದ ಹಣದಿಂದ ಜಂಗಮ ದಾಸೋಹ ನಡೆಸುತ್ತಿದ್ದರು. ಒಮ್ಮೆ ಆ ಹಗ್ಗವನ್ನು ಮಾರಲು ಲಿಂಗದೇವನೇ ಹೊರಟನೆಂದೂ, ಬಸವಣ್ಣನವರು ಅದಕ್ಕೆ ಸಾವಿರ ಹೊನ್ನು ಕೊಟ್ಟರೆಂದೂ, ಸಲ್ಲುವ ಬೆಲೆಗಿಂತ ಹೆಚ್ಚಿನದನ್ನು ಚಂದಯ್ಯನವರು ಒಲ್ಲೆನೆಂದರೆಂದೂ ಕಥೆಯಿದೆ. ಇದು ಶಾಸನದ ಸಾಕ್ಷ್ಯವಲ್ಲ, ಪರಂಪರೆಯ ನೆನಪು. ಆದರೂ ಹೆಚ್ಚು ಪಡೆಯುವುದು ಕಾಯಕಕ್ಕೆ ಕಳಂಕವಾದರೆ, ಕಡಿಮೆ ಕೊಡುವುದು ದಾಸೋಹವಾದೀತೆ? ಜಾತ್ರೆಯಲ್ಲಿ ಬುಟ್ಟಿ ಹೆಣೆಯುವವಳೊಡನೆ ಹತ್ತು ರೂಪಾಯಿಗೆ ಚೌಕಾಶಿ ಮಾಡುವ ಭಕ್ತರು ಇದನ್ನು ಯೋಚಿಸಬೇಕು.

ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1996ರಲ್ಲಿ ಮೊದಲಾದ ‘ಚರಕ’ ಮಹಿಳಾ ಸಹಕಾರ ಸಂಘವು ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಯನ್ನು ಗ್ರಾಮೀಣ ಸ್ತ್ರೀಯರಿಂದಲೇ ಸಿದ್ಧಪಡಿಸಿತು. ‘ದೇಸಿ’ ಮಳಿಗೆಗಳು ಅದನ್ನು ನಗರದ ಕೊಳ್ಳುವವರಿಗೆ ತಲುಪಿಸಿದವು. ಅಂಥ ಸಂಘವೂ 2020ರಲ್ಲಿ ತೀವ್ರ ಆರ್ಥಿಕ ಸಂಕಟಕ್ಕೆ ಸಿಲುಕಿತು.